ಶೈಕ್ಷಣಿಕ ಗ್ರಂಥಾಲಯಗಳಲ್ಲಿ ಇ-ಸಂಪನ್ಮೂಲಗಳು: ತುಮಕೂರು, ಗುಬ್ಬಿ ಮತ್ತು ಕುಣಿಗಲ್

ಇ-ಸಂಪನ್ಮೂಲಗಳು ಎಂದರೆ ಕಂಪ್ಯೂಟರ್, ಮೊಬೈಲ್ ಮೊದಲಾದ ಸಾಧನಗಳ ಮೂಲಕ ಓದಲು, ಕೇಳಲು ಮತ್ತು ಹುಡುಕಲು ಬರುವಂತೆ ಡಿಜಿಟಲ್ ರೂಪದಲ್ಲಿ ಸಿದ್ಧಪಡಿಸಿದ ಜ್ಞಾನಸಾಮಗ್ರಿ. ಇ-ಪುಸ್ತಕ, ಇ-ನಿಯತಕಾಲಿಕೆ, ದತ್ತಸಂಚಯ, ಇ-ಪ್ರಬಂಧ, ವಿಡಿಯೊ ಪಾಠ, ಸ್ಕ್ಯಾನ್ ಮಾಡಿದ ಹಳೆಯ ಗ್ರಂಥ ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. 2000ದ ನಂತರದ ಎರಡು ದಶಕಗಳಲ್ಲಿ ಇವು ಭಾರತದ ಕಾಲೇಜು ಮತ್ತು ವಿಶ್ವವಿದ್ಯಾನಿಲಯ ಗ್ರಂಥಾಲಯಗಳ ಸಂಗ್ರಹ, ವೆಚ್ಚ, ಸಿಬ್ಬಂದಿಯ ಕೆಲಸ ಮತ್ತು ಓದುಗರ ರೂಢಿಗಳನ್ನು ಬದಲಿಸಿವೆ. ಕರ್ನಾಟಕದ ತುಮಕೂರು ನಗರ ಹಾಗೂ ಅದೇ ಜಿಲ್ಲೆಯ ತಾಲೂಕು ಕೇಂದ್ರಗಳಾದ ಗುಬ್ಬಿ ಮತ್ತು ಕುಣಿಗಲ್‌ಗಳಲ್ಲಿ ವಿಶ್ವವಿದ್ಯಾನಿಲಯ, ಎಂಜಿನಿಯರಿಂಗ್ ಕಾಲೇಜು, ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಅಕ್ಕಪಕ್ಕದಲ್ಲೇ ಇರುವುದರಿಂದ ಈ ಬದಲಾವಣೆಯ ಹಲವು ಬಗೆಗಳು ಇಲ್ಲಿ ಒಟ್ಟಿಗೆ ಕಾಣುತ್ತವೆ.

ಪರಿಭಾಷೆ

ಈ ಲೇಖನದಲ್ಲಿ ಶೈಕ್ಷಣಿಕ ಗ್ರಂಥಾಲಯ ಎಂಬ ಮಾತು ಪದವಿ ಮತ್ತು ಅದಕ್ಕೂ ಮೇಲಿನ ಶಿಕ್ಷಣ ಕೊಡುವ ಸಂಸ್ಥೆಗಳ ಗ್ರಂಥಾಲಯಗಳಿಗೆ ಮಾತ್ರ ಅನ್ವಯಿಸುತ್ತದೆ. ಸಾರ್ವಜನಿಕ ಗ್ರಂಥಾಲಯಗಳು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ವ್ಯಾಪ್ತಿಗೆ ಸೇರಿದ ಬೇರೆ ವ್ಯವಸ್ಥೆ.

ಡಿಜಿಟಲ್ ಗ್ರಂಥಾಲಯ ಎಂದರೆ ಇ-ಸಂಪನ್ಮೂಲಗಳನ್ನು ಕ್ರಮವಾಗಿ ಜೋಡಿಸಿ, ಹುಡುಕುವ ಅನುಕೂಲದೊಂದಿಗೆ ಒದಗಿಸುವ ವ್ಯವಸ್ಥೆ. ಗ್ರಂಥಾಲಯ ಗಣಕೀಕರಣ ಇದಕ್ಕಿಂತ ಭಿನ್ನ. ಅದು ಮುದ್ರಿತ ಪುಸ್ತಕಗಳ ದಾಖಲಾತಿ, ಸೂಚಿ ಮತ್ತು ಎರವಲು ಕೆಲಸವನ್ನು ಕಂಪ್ಯೂಟರಿಗೆ ವರ್ಗಾಯಿಸುವುದಕ್ಕೆ ಸಂಬಂಧಿಸಿದ್ದು. ಕಂಪ್ಯೂಟರಿನಲ್ಲಿ ಹುಡುಕಬಹುದಾದ ಪುಸ್ತಕ ಸೂಚಿಗೆ ಓಪ್ಯಾಕ್ ಎಂಬ ಹೆಸರು ರೂಢಿಯಲ್ಲಿದೆ. ಹಲವು ಗ್ರಂಥಾಲಯಗಳು ಒಂದಾಗಿ ಪ್ರಕಾಶಕರಿಂದ ಇ-ಸಂಪನ್ಮೂಲಗಳಿಗೆ ಚಂದಾ ಪಡೆಯುವ ಏರ್ಪಾಡು ಗ್ರಂಥಾಲಯ ಒಕ್ಕೂಟ ಅಥವಾ ಕನ್ಸೋರ್ಷಿಯಂ. ಓದುಗನು ಹಣ ಕೊಡದೆ ಪೂರ್ಣ ಲೇಖನವನ್ನು ಪಡೆಯಬಹುದಾದ ಪ್ರಕಟಣಾ ಕ್ರಮ ಮುಕ್ತ ಪ್ರವೇಶ. ಒಂದು ಸಂಸ್ಥೆಯು ತನ್ನ ಅಧ್ಯಾಪಕರ ಮತ್ತು ಸಂಶೋಧಕರ ಬರಹಗಳನ್ನು ಕೂಡಿಡುವ ಜಾಲತಾಣ ಸಾಂಸ್ಥಿಕ ಭಂಡಾರ. ಕಾಲೇಜಿನ ಆವರಣದ ಹೊರಗಿನಿಂದ ಸಂಪನ್ಮೂಲಗಳನ್ನು ಬಳಸುವುದು ದೂರ ಪ್ರವೇಶ.

ಉಗಮ ಮತ್ತು ಬೆಳವಣಿಗೆ

ಹೊರಜಗತ್ತಿನಲ್ಲಿ: ಗ್ರಂಥಾಲಯಗಳಲ್ಲಿ ಕಂಪ್ಯೂಟರ್ ಬಳಕೆ ಮೊದಲಾದದ್ದು ಲೇಖನಗಳ ಸೂಚಿ ಮತ್ತು ಸಾರಾಂಶಗಳಿಂದ. ಅಮೆರಿಕದಲ್ಲಿ 1960ರ ದಶಕದಲ್ಲಿ ಶಿಕ್ಷಣ ಮತ್ತು ವೈದ್ಯಕೀಯ ವಿಷಯಗಳ ದತ್ತಸಂಚಯಗಳು ರೂಪುಗೊಂಡವು. 1971ರಲ್ಲಿ ಮೈಕೆಲ್ ಹಾರ್ಟ್ ಆರಂಭಿಸಿದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಪುಸ್ತಕಗಳನ್ನೇ ಡಿಜಿಟಲ್ ಪಠ್ಯವಾಗಿ ಹಂಚುವ ಮೊದಲ ಯತ್ನಗಳಲ್ಲೊಂದು. 1991ರಲ್ಲಿ ಭೌತವಿಜ್ಞಾನಿಗಳಿಗಾಗಿ ಆರ್ಕೈವ್ ಎಂಬ ಮುನ್‌ಪ್ರಕಟಣೆಗಳ ಭಂಡಾರ ಬಂತು. 1995ರಲ್ಲಿ ಹಳೆಯ ನಿಯತಕಾಲಿಕೆಗಳ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಒದಗಿಸುವ ಜೆಸ್ಟೋರ್ ಆರಂಭವಾಯಿತು. ಚಂದಾ ದರಗಳು ಗ್ರಂಥಾಲಯಗಳ ಆಯವ್ಯಯವನ್ನು ಮೀರಿ ಏರಿದಾಗ ಮುಕ್ತ ಪ್ರವೇಶದ ಚಳವಳಿ ಬಲಗೊಂಡಿತು. 2002ರ ಬುಡಾಪೆಸ್ಟ್ ಘೋಷಣೆ ಅದರ ಮುಖ್ಯ ಮೈಲಿಗಲ್ಲು.

ಭಾರತದಲ್ಲಿ: ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ (ಯುಜಿಸಿ) 1991ರಲ್ಲಿ ಇನ್‌ಫ್ಲಿಬ್‌ನೆಟ್ ಎಂಬ ಗ್ರಂಥಾಲಯ ಜಾಲ ಯೋಜನೆಯನ್ನು ಕೈಗೆತ್ತಿಕೊಂಡಿತು. 1996ರಲ್ಲಿ ಅದು ಸ್ವಾಯತ್ತ ಅಂತರ-ವಿಶ್ವವಿದ್ಯಾನಿಲಯ ಕೇಂದ್ರವಾಯಿತು. ಅದರ ಕಚೇರಿ ಈಗ ಗುಜರಾತಿನ ಗಾಂಧಿನಗರದಲ್ಲಿದೆ. 2003ರ ಡಿಸೆಂಬರ್‌ನಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಉದ್ಘಾಟಿಸಿದ ಯುಜಿಸಿ-ಇನ್ಫೊನೆಟ್ ಡಿಜಿಟಲ್ ಗ್ರಂಥಾಲಯ ಒಕ್ಕೂಟದಿಂದ ವಿಶ್ವವಿದ್ಯಾನಿಲಯಗಳಿಗೆ ಇ-ನಿಯತಕಾಲಿಕೆಗಳು ದೊರೆಯತೊಡಗಿದವು. ಅದೇ ವರ್ಷ ತಾಂತ್ರಿಕ ಸಂಸ್ಥೆಗಳಿಗಾಗಿ ಇಂಡೆಸ್ಟ್ ಒಕ್ಕೂಟ ಸ್ಥಾಪನೆಯಾಯಿತು. 2010ರಲ್ಲಿ ಆರಂಭವಾದ ಎನ್-ಲಿಸ್ಟ್ ಈ ಸೌಲಭ್ಯವನ್ನು ಪದವಿ ಕಾಲೇಜುಗಳವರೆಗೆ ತಂದಿತು. 2015ರಲ್ಲಿ ಈ ಮೂರನ್ನೂ ಸೇರಿಸಿ ಇ-ಶೋಧಸಿಂಧು ರಚಿಸಲಾಯಿತು.

ಕರ್ನಾಟಕದಲ್ಲಿ: ಎಸ್.ಆರ್. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರದಿಂದಾಗಿ ರಾಜ್ಯದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಮೊದಲೇ ನೆಲೆಯಿತ್ತು. 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತೆರೆದ ಇ-ಪ್ರಿಂಟ್ಸ್ ಭಂಡಾರ ದೇಶದ ಮೊದಲ ಸಾಂಸ್ಥಿಕ ಭಂಡಾರ ಎನಿಸಿತು. 2003ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ತನ್ನ ಕಾಲೇಜುಗಳಿಗಾಗಿ ಹೆಲಿನೆಟ್ ಒಕ್ಕೂಟವನ್ನು ಕಟ್ಟಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ (ವಿಟಿಯು) ತನ್ನ ಎಂಜಿನಿಯರಿಂಗ್ ಕಾಲೇಜುಗಳಿಗೆ ಒಕ್ಕೂಟವೊಂದನ್ನು ನಡೆಸುತ್ತಿದೆ.

ಪ್ರದೇಶ ಮತ್ತು ಸಂಸ್ಥೆಗಳು

ತುಮಕೂರು ನಗರ ಬೆಂಗಳೂರಿನಿಂದ ವಾಯವ್ಯಕ್ಕೆ ಸುಮಾರು 70 ಕಿ.ಮೀ. ದೂರದಲ್ಲಿದೆ. ಬೆಂಗಳೂರು–ಹೊನ್ನಾವರ ರಸ್ತೆಯಲ್ಲಿ, ಅಂದರೆ ಜನ ಬಿ.ಎಚ್. ರಸ್ತೆ ಎನ್ನುವ ದಾರಿಯಲ್ಲಿ, ಇನ್ನೂ ಸುಮಾರು 20 ಕಿ.ಮೀ. ಮುಂದೆ ಗುಬ್ಬಿ ಸಿಗುತ್ತದೆ. ಕುಣಿಗಲ್ ಜಿಲ್ಲೆಯ ದಕ್ಷಿಣ ಭಾಗದಲ್ಲಿ, ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿದೆ.

ಈ ಪ್ರದೇಶದ ಶೈಕ್ಷಣಿಕ ಗ್ರಂಥಾಲಯಗಳನ್ನು ಅವು ಇ-ಸಂಪನ್ಮೂಲ ಪಡೆಯುವ ದಾರಿಗಳ ಪ್ರಕಾರ ನಾಲ್ಕಾಗಿ ವಿಂಗಡಿಸಬಹುದು.

ಒಂದು, ರಾಜ್ಯ ವಿಶ್ವವಿದ್ಯಾನಿಲಯ. ತುಮಕೂರು ವಿಶ್ವವಿದ್ಯಾನಿಲಯ 2004ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದಿಂದ ಬೇರ್ಪಟ್ಟು ಸ್ಥಾಪನೆಯಾಯಿತು. ಅದು ಹುಟ್ಟಿದ್ದೇ ಇ-ನಿಯತಕಾಲಿಕೆಗಳ ಒಕ್ಕೂಟ ಕೆಲಸ ಆರಂಭಿಸಿದ ಹೊತ್ತಿಗೆ. ಹಳೆಯ ವಿಶ್ವವಿದ್ಯಾನಿಲಯಗಳಲ್ಲಿ ದಶಕಗಳ ಕಾಲ ಬೆಳೆದ ಮುದ್ರಿತ ನಿಯತಕಾಲಿಕೆಗಳ ಹಿಂದಿನ ಸಂಪುಟಗಳು ಇಂಥ ಹೊಸ ವಿಶ್ವವಿದ್ಯಾನಿಲಯಕ್ಕೆ ಇರುವುದಿಲ್ಲ. ಆ ಕೊರತೆಯನ್ನು ತುಂಬಿಕೊಡುವುದು ಇ-ಸಂಪನ್ಮೂಲಗಳೇ. ವಿಶ್ವವಿದ್ಯಾನಿಲಯದ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ಅಧ್ಯಯನ ವಿಭಾಗದಲ್ಲಿ ಈ ವಿಷಯದ ಬೋಧನೆ ಮತ್ತು ಸಂಶೋಧನೆ ನಡೆಯುತ್ತದೆ.

ಎರಡು, ವಿಟಿಯು ಸಂಲಗ್ನ ಎಂಜಿನಿಯರಿಂಗ್ ಕಾಲೇಜುಗಳು. ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರ ಆಶ್ರಯದಲ್ಲಿ 1963ರಲ್ಲಿ ಆರಂಭವಾದ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಮತ್ತು 2001ರಲ್ಲಿ ಆರಂಭವಾದ ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ಮಹಾವಿದ್ಯಾಲಯ ಈ ಗುಂಪಿನವು.

ಮೂರು, ಪರಿಗಣಿತ ವಿಶ್ವವಿದ್ಯಾನಿಲಯ. ಶ್ರೀ ಸಿದ್ಧಾರ್ಥ ಉನ್ನತ ಶಿಕ್ಷಣ ಅಕಾಡೆಮಿಯು ಎಂಜಿನಿಯರಿಂಗ್, ವೈದ್ಯಕೀಯ ಮತ್ತು ದಂತವೈದ್ಯಕೀಯ ಕಾಲೇಜುಗಳನ್ನು ಒಳಗೊಂಡಿದೆ. ಇದರ ಎಂಜಿನಿಯರಿಂಗ್ ಕಾಲೇಜು 1979ರಲ್ಲಿ ಆರಂಭವಾದದ್ದು.

ನಾಲ್ಕು, ಪದವಿ ಕಾಲೇಜುಗಳು. ತುಮಕೂರು, ಗುಬ್ಬಿ ಮತ್ತು ಕುಣಿಗಲ್‌ನ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು, ಅನುದಾನಿತ ಹಾಗೂ ಖಾಸಗಿ ಕಾಲೇಜುಗಳು ತುಮಕೂರು ವಿಶ್ವವಿದ್ಯಾನಿಲಯಕ್ಕೆ ಸಂಲಗ್ನಗೊಂಡಿವೆ. ಸುತ್ತಲ ಹಳ್ಳಿಗಳಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವ, ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗಳು ಇಂಥ ಕಾಲೇಜುಗಳ ಮುಖ್ಯ ಓದುಗರು.

ರಚನೆ

ಇ-ಸಂಪನ್ಮೂಲಗಳ ಪೂರೈಕೆಯಲ್ಲಿ ನಾಲ್ಕು ಹಂತಗಳಿವೆ: ಪ್ರಕಾಶಕರು, ಒಕ್ಕೂಟ, ಸಂಸ್ಥೆಯ ಗ್ರಂಥಾಲಯ ಮತ್ತು ಓದುಗ. ಪ್ರಕಾಶಕರ ಸರ್ವರಿನಲ್ಲಿ ಲೇಖನ ಇರುತ್ತದೆ. ಒಕ್ಕೂಟವು ದರ ಮತ್ತು ಷರತ್ತುಗಳನ್ನು ನಿಗದಿಪಡಿಸುತ್ತದೆ. ಗ್ರಂಥಾಲಯವು ತನ್ನ ಓದುಗರು ಯಾರೆಂಬುದನ್ನು ದೃಢೀಕರಿಸುತ್ತದೆ. ಓದುಗನ ಕೈಗೆ ಪಿಡಿಎಫ್ ಅಥವಾ ಜಾಲಪುಟದ ರೂಪದಲ್ಲಿ ಲೇಖನ ಸಿಗುತ್ತದೆ.

ದೃಢೀಕರಣದ ಕ್ರಮ ಎರಡು ಬಗೆಯದು. ಮೊದಲನೆಯದು ಐಪಿ ವಿಳಾಸ ಆಧಾರಿತ. ಕಾಲೇಜಿನ ಇಂಟರ್ನೆಟ್ ಸಂಪರ್ಕದ ಐಪಿ ವಿಳಾಸಗಳನ್ನು ಪ್ರಕಾಶಕರಿಗೆ ತಿಳಿಸಿರಲಾಗುತ್ತದೆ. ಆ ಆವರಣದೊಳಗಿನ ಯಾವ ಕಂಪ್ಯೂಟರಿನಿಂದ ಹುಡುಕಿದರೂ ಲೇಖನ ತೆರೆದುಕೊಳ್ಳುತ್ತದೆ. ಎಂಜಿನಿಯರಿಂಗ್ ಕಾಲೇಜುಗಳು ಮತ್ತು ವಿಶ್ವವಿದ್ಯಾನಿಲಯಗಳಲ್ಲಿ ಇದು ಬಹುಕಾಲದ ಪದ್ಧತಿ. ಎರಡನೆಯದು ಲಾಗಿನ್ ಆಧಾರಿತ. ಎನ್-ಲಿಸ್ಟ್‌ನಲ್ಲಿ ಪ್ರತಿ ಓದುಗನಿಗೂ ಪ್ರತ್ಯೇಕ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಇರುತ್ತದೆ. ಇನ್‌ಫೆಡ್ ಎಂಬ ಪ್ರವೇಶ ನಿರ್ವಹಣಾ ಒಕ್ಕೂಟದ ಮೂಲಕ ಸಂಸ್ಥೆಯ ಗುರುತಿನಿಂದಲೇ ಮನೆಯಿಂದಲೂ ಒಳಹೋಗಬಹುದು.

ಪದವಿ ಕಾಲೇಜಿನಲ್ಲಿ ಈ ಎರಡನೆಯ ಕ್ರಮ ನಡೆಯುವ ಬಗೆ ಹೀಗಿದೆ. ಕಾಲೇಜು ವಾರ್ಷಿಕ ಶುಲ್ಕ ಕಟ್ಟಿ ಸದಸ್ಯತ್ವ ಪಡೆಯುತ್ತದೆ. ಗ್ರಂಥಪಾಲಕರು ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಹೆಸರು, ವಿಭಾಗ, ಇಮೇಲ್ ವಿಳಾಸಗಳ ಪಟ್ಟಿ ಮಾಡಿ ಎನ್-ಲಿಸ್ಟ್ ತಾಣಕ್ಕೆ ಏರಿಸುತ್ತಾರೆ. ಪಾಸ್‌ವರ್ಡ್ ಓದುಗನ ಇಮೇಲ್‌ಗೆ ಬರುತ್ತದೆ. ಪ್ರತಿ ವರ್ಷ ಅಂತಿಮ ವರ್ಷದವರ ಹೆಸರು ತೆಗೆದು ಹೊಸದಾಗಿ ಸೇರಿದವರ ಹೆಸರು ಸೇರಿಸಬೇಕು. ಇಮೇಲ್ ವಿಳಾಸವೇ ಇಲ್ಲದ, ಇದ್ದರೂ ಅದನ್ನು ತೆರೆಯುವ ರೂಢಿಯಿಲ್ಲದ ವಿದ್ಯಾರ್ಥಿಗೆ ಈ ಸರಪಳಿ ಇಲ್ಲೇ ಕಡಿದುಹೋಗುತ್ತದೆ. ಹೀಗಾಗಿ ಪದವಿ ಕಾಲೇಜಿನಲ್ಲಿ ಇ-ಸಂಪನ್ಮೂಲಗಳ ಬಳಕೆ ಸದಸ್ಯತ್ವದಷ್ಟೇ ಗ್ರಂಥಪಾಲಕರ ಈ ವಾರ್ಷಿಕ ಕೆಲಸವನ್ನೂ ಅವಲಂಬಿಸಿದೆ.

ಎನ್-ಲಿಸ್ಟ್‌ಗೆ ಯುಜಿಸಿ ಕಾಯ್ದೆಯ 2(ಎಫ್) ಮತ್ತು 12(ಬಿ) ಅಡಿ ಮಾನ್ಯತೆ ಪಡೆದ ಸರ್ಕಾರಿ ಹಾಗೂ ಅನುದಾನಿತ ಕಾಲೇಜುಗಳಲ್ಲದೆ ಅನುದಾನರಹಿತ ಕಾಲೇಜುಗಳೂ ಹೆಚ್ಚಿನ ಶುಲ್ಕ ಕೊಟ್ಟು ಸೇರಬಹುದು. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಮುಂತಾದ ವೃತ್ತಿಪರ ಕಾಲೇಜುಗಳು ಅದರ ವ್ಯಾಪ್ತಿಯಲ್ಲಿಲ್ಲ. ಆದ್ದರಿಂದ ಒಂದೇ ಊರಿನಲ್ಲಿರುವ ಗುಬ್ಬಿಯ ಪದವಿ ಕಾಲೇಜು ಮತ್ತು ಎಂಜಿನಿಯರಿಂಗ್ ಕಾಲೇಜು ಎರಡು ಬೇರೆ ಒಕ್ಕೂಟಗಳ ದಾರಿ ಹಿಡಿಯಬೇಕಾಗುತ್ತದೆ. ಎರಡರ ಓದುಗರಿಗೆ ದೊರೆಯುವ ಸಾಮಗ್ರಿಯೂ ಬೇರೆ.

ವಿಧಗಳು

ಇ-ನಿಯತಕಾಲಿಕೆಗಳು: ಸಂಶೋಧನ ಲೇಖನಗಳ ಮುಖ್ಯ ವಾಹಕ. ಸ್ಪ್ರಿಂಗರ್, ಎಲ್ಸೆವಿಯರ್, ವೈಲಿ, ಟೇಲರ್ ಅಂಡ್ ಫ್ರಾನ್ಸಿಸ್, ಐಇಇಇ ಮುಂತಾದವು ದೊಡ್ಡ ಪ್ರಕಾಶನ ಸಂಸ್ಥೆಗಳು.

ಇ-ಪುಸ್ತಕಗಳು: ಪಠ್ಯಪುಸ್ತಕ, ಪರಾಮರ್ಶನ ಗ್ರಂಥ ಮತ್ತು ವಿಷಯ ಗ್ರಂಥಗಳು. ಕೆಲವನ್ನು ಶಾಶ್ವತವಾಗಿ ಕೊಳ್ಳಬಹುದು, ಕೆಲವು ಚಂದಾ ಇರುವವರೆಗೆ ಮಾತ್ರ ಲಭ್ಯ.

ದತ್ತಸಂಚಯಗಳು: ಲೇಖನಗಳ ಸೂಚಿ, ಸಾರಾಂಶ ಅಥವಾ ಪೂರ್ಣಪಠ್ಯವನ್ನು ಒಂದೆಡೆ ಹುಡುಕಲು ನೆರವಾಗುವ ವ್ಯವಸ್ಥೆ. ಬೆಂಗಳೂರಿನಲ್ಲಿ ರೂಪುಗೊಂಡ ಜೆ-ಗೇಟ್ ಇದಕ್ಕೊಂದು ಉದಾಹರಣೆ. ಕಾನೂನು ಕಾಲೇಜುಗಳಲ್ಲಿ ತೀರ್ಪುಗಳನ್ನು ಹುಡುಕಲು ಮನುಪಾತ್ರ, ಎಸ್‌ಸಿಸಿ ಆನ್‌ಲೈನ್‌ಗಳಂಥ ದತ್ತಸಂಚಯಗಳು ಬಳಕೆಯಲ್ಲಿವೆ.

ಇ-ಪ್ರಬಂಧಗಳು: ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂದು ಯುಜಿಸಿ 2009ರ ನಿಯಮಗಳಲ್ಲಿ ವಿಧಿಸಿತು. ಅವನ್ನು ಸಂಗ್ರಹಿಸಿಡುವ ಶೋಧಗಂಗಾ ಭಂಡಾರವನ್ನು ಇನ್‌ಫ್ಲಿಬ್‌ನೆಟ್ ನಡೆಸುತ್ತದೆ. ತುಮಕೂರು ವಿಶ್ವವಿದ್ಯಾನಿಲಯದ ಪ್ರಬಂಧಗಳೂ ಅದರಲ್ಲಿವೆ.

ಮುಕ್ತ ಕಲಿಕಾ ಸಾಮಗ್ರಿ: ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರ ವಿಡಿಯೊ ಪಾಠಗಳಿರುವ ಎನ್‌ಪಿಟಿಇಎಲ್, 2017ರಲ್ಲಿ ಆರಂಭವಾದ ಸ್ವಯಂ, ಸ್ನಾತಕೋತ್ತರ ಪಾಠಗಳ ಇ-ಪಿಜಿ ಪಾಠಶಾಲಾ ಈ ಬಗೆಯವು. ಖರಗ್‌ಪುರ ಐಐಟಿ ರೂಪಿಸಿದ ಭಾರತೀಯ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು 2018ರ ಜೂನ್ 19ರಂದು ಲೋಕಾರ್ಪಣೆ ಮಾಡಲಾಯಿತು.

ಸ್ಥಳೀಯ ಡಿಜಿಟಲ್ ಸಂಗ್ರಹಗಳು: ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ಪಠ್ಯಕ್ರಮ, ಅಧ್ಯಾಪಕರ ಟಿಪ್ಪಣಿ, ಯೋಜನಾ ವರದಿ, ಕಾಲೇಜು ವಾರ್ಷಿಕ ಸಂಚಿಕೆಗಳನ್ನು ಗ್ರಂಥಾಲಯಗಳು ತಾವೇ ಸ್ಕ್ಯಾನ್ ಮಾಡಿ ಇಡುತ್ತವೆ. ಇದಕ್ಕೆ ಡಿಸ್ಪೇಸ್, ಗ್ರೀನ್‌ಸ್ಟೋನ್‌ಗಳಂಥ ಮುಕ್ತ ತಂತ್ರಾಂಶಗಳಿವೆ.

ಗ್ರಂಥಾಲಯದ ಮೇಲಿನ ಪರಿಣಾಮ

ಸಂಗ್ರಹ: ಮುದ್ರಿತ ಪುಸ್ತಕ ಕೊಂಡರೆ ಅದು ಗ್ರಂಥಾಲಯದ ಸ್ವತ್ತು. ದಾಖಲಾತಿ ಸಂಖ್ಯೆ ಬರೆದು ಕಪಾಟಿನಲ್ಲಿಟ್ಟ ಮೇಲೆ ಅದು ಅಲ್ಲೇ ಇರುತ್ತದೆ. ಇ-ಸಂಪನ್ಮೂಲ ಬಹುತೇಕ ಪರವಾನಗಿಯ ಮೇಲೆ ದೊರೆಯುವಂಥದು. ಚಂದಾ ನಿಂತರೆ, ಒಪ್ಪಂದದಲ್ಲಿ ಶಾಶ್ವತ ಪ್ರವೇಶದ ಷರತ್ತು ಇಲ್ಲದಿದ್ದಲ್ಲಿ, ಹಿಂದಿನ ಸಂಚಿಕೆಗಳೂ ಕೈತಪ್ಪುತ್ತವೆ. ಆದ್ದರಿಂದ ಗ್ರಂಥಾಲಯದ ಬಲವನ್ನು ಕೇವಲ ಪುಸ್ತಕಗಳ ಸಂಖ್ಯೆಯಿಂದ ಅಳೆಯುವ ಕ್ರಮ ಸಾಲದಾಗಿದೆ. ಓದುಗ ಎಷ್ಟನ್ನು ತಲುಪಬಲ್ಲ ಎಂಬುದೂ ಅಳತೆಗೋಲಾಗಿದೆ.

ವೆಚ್ಚ: ಒಕ್ಕೂಟದ ಮೂಲಕ ಪಡೆಯುವಾಗ ಒಂದೊಂದು ನಿಯತಕಾಲಿಕೆಗೆ ತಗಲುವ ವೆಚ್ಚ ಬಹಳ ಇಳಿಯುತ್ತದೆ. ಸಣ್ಣ ಕಾಲೇಜೊಂದು ತಾನೇ ಚಂದಾ ಕಟ್ಟಿ ತರಿಸಲಾಗದ ವಿದೇಶಿ ನಿಯತಕಾಲಿಕೆಗಳು ಅದರ ಓದುಗರಿಗೆ ಸಿಗುತ್ತವೆ. ಆದರೆ ಪ್ರಕಾಶಕರು ಶೀರ್ಷಿಕೆಗಳನ್ನು ಕಟ್ಟು ಕಟ್ಟಾಗಿ ಮಾರುವುದರಿಂದ ಬೇಡದವೂ ಜೊತೆಗೆ ಬರುತ್ತವೆ. ಕಂಪ್ಯೂಟರ್, ಇಂಟರ್ನೆಟ್, ಯುಪಿಎಸ್, ವಾರ್ಷಿಕ ನಿರ್ವಹಣೆಗಳು ಹೊಸ ಖರ್ಚಿನ ಬಾಬ್ತುಗಳಾಗಿ ಸೇರಿವೆ.

ಗಣಕೀಕರಣ: ಇನ್‌ಫ್ಲಿಬ್‌ನೆಟ್‌ನ ಸೋಲ್, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಇ-ಗ್ರಂಥಾಲಯ, ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ ಕೊಹಾ ಮತ್ತು ಖಾಸಗಿ ಸಂಸ್ಥೆಗಳ ತಂತ್ರಾಂಶಗಳು ಭಾರತದ ಕಾಲೇಜುಗಳಲ್ಲಿ ಬಳಕೆಯಲ್ಲಿವೆ. ಸೂಚಿಪತ್ರಗಳ ಮರದ ಪೆಟ್ಟಿಗೆಯ ಕೆಲಸವನ್ನು ಓಪ್ಯಾಕ್, ಎರವಲು ಕಾರ್ಡಿನ ಕೆಲಸವನ್ನು ಬಾರ್‌ಕೋಡ್ ವಹಿಸಿಕೊಂಡಿವೆ.

ಮೌಲ್ಯಮಾಪನ: 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕಚೇರಿಯಿರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಮಂಡಳಿ (ನ್ಯಾಕ್) ಗ್ರಂಥಾಲಯವನ್ನು ಕಲಿಕಾ ಸಂಪನ್ಮೂಲವಾಗಿ ಅಳೆಯುತ್ತದೆ. ಗಣಕೀಕರಣ, ಇ-ಸಂಪನ್ಮೂಲಗಳ ಚಂದಾ, ಪುಸ್ತಕ ಮತ್ತು ನಿಯತಕಾಲಿಕೆಗಳ ಮೇಲಿನ ವೆಚ್ಚ, ದಿನಬಳಕೆಯ ಪ್ರಮಾಣ ಇವು ಅದು ಕೇಳುತ್ತ ಬಂದಿರುವ ವಿವರಗಳು. ತಾಂತ್ರಿಕ ಕಾಲೇಜುಗಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ಮಾನದಂಡಗಳೂ ಇವೆ. ಕಾಲೇಜುಗಳು ಇ-ಸಂಪನ್ಮೂಲಗಳತ್ತ ಹೊರಳಲು ಓದುಗರ ಬೇಡಿಕೆಯಷ್ಟೇ ಈ ಮಾನದಂಡಗಳೂ ಕಾರಣ.

ಗ್ರಂಥಪಾಲಕರ ಕೆಲಸ: ಪುಸ್ತಕದ ವರ್ಗೀಕರಣ, ಸೂಚೀಕರಣ, ಎರವಲು ನೀಡಿಕೆಗಳ ಜೊತೆಗೆ ಪರವಾನಗಿ ಷರತ್ತುಗಳ ಪರಿಶೀಲನೆ, ಲಾಗಿನ್ ನಿರ್ವಹಣೆ, ಬಳಕೆಯ ಅಂಕಿಅಂಶ ಸಂಗ್ರಹ, ಓದುಗರಿಗೆ ತರಬೇತಿ ಇವು ಸೇರಿಕೊಂಡಿವೆ. ಪ್ರಕಾಶಕರು ಬಳಕೆಯ ಲೆಕ್ಕವನ್ನು ಒಂದೇ ಮಾದರಿಯಲ್ಲಿ ಕೊಡಲು 2002ರಲ್ಲಿ ಆರಂಭವಾದ ಕೌಂಟರ್ ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಯಾವ ನಿಯತಕಾಲಿಕೆಯಿಂದ ಎಷ್ಟು ಲೇಖನ ಇಳಿಸಿಕೊಂಡರು ಎಂಬುದು ಅದರಿಂದ ತಿಳಿಯುತ್ತದೆ. ಮುಂದಿನ ವರ್ಷದ ಚಂದಾ ನಿರ್ಧಾರಕ್ಕೆ ಇದು ಆಧಾರ.

ಬಳಕೆದಾರರ ಮೇಲಿನ ಪರಿಣಾಮ

ವಿದ್ಯಾರ್ಥಿಗಳು: ಪದವಿ ವಿದ್ಯಾರ್ಥಿಗಳಿಗೆ ತಕ್ಷಣ ಬೇಕಾಗುವುದು ಪಠ್ಯಕ್ರಮ, ಹಳೆಯ ಪ್ರಶ್ನೆಪತ್ರಿಕೆ, ಪಠ್ಯಪುಸ್ತಕ ಮತ್ತು ಸ್ಪರ್ಧಾತ್ಮಕ ಪರೀಕ್ಷೆಗಳ ಸಾಮಗ್ರಿ. ಸಂಶೋಧನ ಲೇಖನಗಳ ಅಗತ್ಯ ಬೀಳುವುದು ಸೆಮಿನಾರ್, ಯೋಜನಾ ವರದಿಗಳ ಹೊತ್ತಿಗೆ. ಮುದ್ರಿತ ಪುಸ್ತಕದ ಒಂದು ಪ್ರತಿಯನ್ನು ಒಮ್ಮೆಗೆ ಒಬ್ಬರು ಮಾತ್ರ ಓದಬಹುದು. ಪ್ರತಿಗಳ ಮಿತಿಯಿಲ್ಲದ ಪರವಾನಗಿಯ ಇ-ಪುಸ್ತಕವನ್ನು ಇಡೀ ತರಗತಿ ಒಟ್ಟಿಗೆ ತೆರೆಯಬಹುದು. ಸಂಜೆಯ ಬಸ್ಸಿಗೆ ಊರು ಸೇರಬೇಕಾದ ವಿದ್ಯಾರ್ಥಿಗೆ ಗ್ರಂಥಾಲಯದ ವೇಳೆಯ ಹಂಗಿಲ್ಲದ ಈ ಸೌಲಭ್ಯ ಹೆಚ್ಚು ಪ್ರಯೋಜನಕಾರಿ.

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಎನ್‌ಪಿಟಿಇಎಲ್ ವಿಡಿಯೊ ಪಾಠಗಳನ್ನು ಪಠ್ಯಪುಸ್ತಕದ ಜೊತೆಗೂ, ಐಇಇಇಯಂಥ ಸಂಗ್ರಹಗಳನ್ನು ಅಂತಿಮ ವರ್ಷದ ಯೋಜನೆಗೂ ಬಳಸುತ್ತಾರೆ. ಅವರ ವಿಷಯದ ಸಾಮಗ್ರಿ ಬಹುಪಾಲು ಇಂಗ್ಲಿಷಿನಲ್ಲಿದೆ, ಬೋಧನೆಯೂ ಇಂಗ್ಲಿಷಿನಲ್ಲೇ ನಡೆಯುತ್ತದೆ. ಕಲಾ ಮತ್ತು ವಾಣಿಜ್ಯ ಪದವಿಯನ್ನು ಕನ್ನಡದಲ್ಲಿ ಓದುವವರಿಗೆ ಈ ಹೊಂದಾಣಿಕೆಯಿಲ್ಲ. ಒಕ್ಕೂಟಗಳು ಕೊಡುವ ನಿಯತಕಾಲಿಕೆಗಳಲ್ಲಿ ಕನ್ನಡದ ಪಾಲು ಅತ್ಯಲ್ಪ.

ಅಧ್ಯಾಪಕರು ಮತ್ತು ಸಂಶೋಧಕರು: ಹಿಂದೆ ತುಮಕೂರಿನ ಸಂಶೋಧಕರು ವಿದೇಶಿ ನಿಯತಕಾಲಿಕೆಯ ಲೇಖನ ನೋಡಲು ಬೆಂಗಳೂರಿನ ದೊಡ್ಡ ಗ್ರಂಥಾಲಯಗಳಿಗೆ ಹೋಗಬೇಕಿತ್ತು ಅಥವಾ ನೆರಳಚ್ಚು ಪ್ರತಿ ತರಿಸಿಕೊಳ್ಳಬೇಕಿತ್ತು. ಈಗ ಅದು ಅವರ ಮೇಜಿನ ಮೇಲೆಯೇ ಲಭ್ಯ. ಶೋಧಗಂಗಾದಿಂದಾಗಿ ಒಂದು ವಿಷಯದ ಮೇಲೆ ಬೇರೆ ವಿಶ್ವವಿದ್ಯಾನಿಲಯಗಳಲ್ಲಿ ನಡೆದ ಕೆಲಸ ಮೊದಲೇ ತಿಳಿಯುತ್ತದೆ, ವಿಷಯದ ಪುನರಾವರ್ತನೆ ತಪ್ಪಿಸಲು ನೆರವಾಗುತ್ತದೆ.

ಪ್ರಬಂಧಗಳ ಪ್ರಾಮಾಣಿಕತೆಯ ಪರೀಕ್ಷೆಯೂ ಇದರ ಜೊತೆಗೇ ಬಂತು. ಯುಜಿಸಿಯ 2018ರ ನಿಯಮಗಳ ಪ್ರಕಾರ ಹೋಲಿಕೆಯ ಪ್ರಮಾಣ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ. 10ರಿಂದ 40, ಶೇ. 40ರಿಂದ 60 ಮತ್ತು ಶೇ. 60ಕ್ಕೂ ಹೆಚ್ಚು ಎಂಬ ಮೂರು ಹಂತಗಳಿಗೆ ಕ್ರಮೇಣ ಕಠಿಣವಾಗುವ ಕ್ರಮಗಳಿವೆ. 2019ರಿಂದ ಶೋಧಶುದ್ಧಿ ಯೋಜನೆಯಡಿ ಹೋಲಿಕೆ ಪತ್ತೆ ತಂತ್ರಾಂಶವನ್ನು ವಿಶ್ವವಿದ್ಯಾನಿಲಯಗಳಿಗೆ ಒದಗಿಸಲಾಗುತ್ತಿದೆ. ವಿಶ್ವವಿದ್ಯಾನಿಲಯಗಳಲ್ಲಿ ಈ ಪರೀಕ್ಷೆಯ ಹೊಣೆ ಸಾಮಾನ್ಯವಾಗಿ ಗ್ರಂಥಾಲಯದ್ದು.

ದೃಷ್ಟಿದೋಷವುಳ್ಳ ಓದುಗರು: ಪಠ್ಯರೂಪದ ಇ-ಪುಸ್ತಕವನ್ನು ಎನ್‌ವಿಡಿಎಯಂಥ ತೆರೆವಾಚಕ ತಂತ್ರಾಂಶ ಗಟ್ಟಿಯಾಗಿ ಓದಿಹೇಳುತ್ತದೆ, ಕನ್ನಡದಲ್ಲೂ ಈ ಸೌಲಭ್ಯವಿದೆ. ಬ್ರೈಲ್ ಪ್ರತಿಗಾಗಿ ಕಾಯಬೇಕಿದ್ದ ಓದುಗರಿಗೆ ಇದರಿಂದ ಸಾಮಾನ್ಯ ಪಠ್ಯವೇ ದೊರೆಯಿತು. ಪುಟದ ಚಿತ್ರವಷ್ಟೇ ಇರುವ ಸ್ಕ್ಯಾನ್ ಪ್ರತಿಯನ್ನು ಮಾತ್ರ ಈ ತಂತ್ರಾಂಶ ಓದಲಾರದು.

ಕನ್ನಡದ ಇ-ಸಂಪನ್ಮೂಲಗಳು

ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ 2016ರಲ್ಲಿ ಆರಂಭವಾದ ಭಾರತವಾಣಿ ನಿಘಂಟು, ಪದಕೋಶ ಮತ್ತು ಪಠ್ಯಗಳನ್ನು ಒದಗಿಸುತ್ತದೆ. ಕರ್ನಾಟಕ ಜ್ಞಾನ ಆಯೋಗದ ಆಶಯದಲ್ಲಿ ರೂಪುಗೊಂಡ ಕಣಜ ಕನ್ನಡದ ಅಂತರಜಾಲ ಜ್ಞಾನಕೋಶ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. 2020ರಲ್ಲಿ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ ತೆರೆದ ಡಿಜಿಟಲ್ ಗ್ರಂಥಾಲಯ ಕಾಲೇಜು ವಿದ್ಯಾರ್ಥಿಗಳಿಗೂ ಲಭ್ಯ.

ಸ್ಥಳೀಯ ಅಧ್ಯಯನಕ್ಕೆ ಇಂಥ ಸಂಗ್ರಹಗಳು ಎಷ್ಟು ಒದಗಿಬರುತ್ತವೆ ಎಂಬುದಕ್ಕೆ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟ ಸಾಕ್ಷಿ. ಬಿ.ಎಲ್. ರೈಸ್ ಸಂಪಾದಿಸಿದ ಈ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳಿವೆ. ಅವನ್ನು ತಾಲೂಕುವಾರು ಜೋಡಿಸಿರುವುದರಿಂದ ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳ ಶಾಸನಗಳನ್ನು ನೇರವಾಗಿ ಹುಡುಕಬಹುದು. ಹಳೆಯ ಮುದ್ರಣದ ಪ್ರತಿ ಪದವಿ ಕಾಲೇಜಿನ ಗ್ರಂಥಾಲಯದಲ್ಲಿ ಸಿಗುವುದು ಅಪರೂಪ. ಅದರ ಸ್ಕ್ಯಾನ್ ಪ್ರತಿಯನ್ನು ಅಂತರಜಾಲದಿಂದ ಹಣವಿಲ್ಲದೆ ಇಳಿಸಿಕೊಂಡು ತಮ್ಮ ಊರಿನ ಕಲ್ಲಿನ ಪಾಠವನ್ನು ವಿದ್ಯಾರ್ಥಿಗಳೇ ಓದಿ ನೋಡಬಹುದು.

ಕನ್ನಡ ಇ-ಸಂಪನ್ಮೂಲಗಳ ಮುಖ್ಯ ತಾಂತ್ರಿಕ ತೊಡಕು ಅಕ್ಷರ ಸಂಕೇತೀಕರಣದ್ದು. ಯೂನಿಕೋಡ್ ರೂಢಿಗೆ ಬರುವ ಮುನ್ನ, ನಂತರವೂ ಬಹುಕಾಲ, ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಪ್ರಬಂಧ ಮತ್ತು ಪುಸ್ತಕಗಳನ್ನು ಬೆರಳಚ್ಚು ಮಾಡಲಾಗುತ್ತಿತ್ತು. ಈ ಫಾಂಟುಗಳು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಸ್ಥಾನದಲ್ಲಿ ಕನ್ನಡ ಅಕ್ಷರದ ಆಕಾರವನ್ನು ಕೂರಿಸಿದಂಥವು. ತೆರೆಯ ಮೇಲೆ ಪುಟ ಶುದ್ಧ ಕನ್ನಡದಲ್ಲೇ ಕಾಣುತ್ತದೆ. ಅದೇ ಸಾಲನ್ನು ನಕಲಿಸಿ ಬೇರೊಂದು ಕಡತಕ್ಕೆ ಹಾಕಿದರೆ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಸಾಲು ಬರುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ ‘ಶಾಸನ’ ಎಂದು ಯೂನಿಕೋಡಿನಲ್ಲಿ ಟೈಪ್ ಮಾಡಿದರೆ, ಪುಟದ ತುಂಬ ಆ ಪದವಿದ್ದರೂ ಫಲಿತಾಂಶ ಶೂನ್ಯ. ತೆರೆವಾಚಕವೂ ಅದನ್ನು ಓದಲಾರದು. ಹೋಲಿಕೆ ಪತ್ತೆ ತಂತ್ರಾಂಶಕ್ಕೂ ಅದು ಕನ್ನಡವಾಗಿ ಕಾಣದು. ಇಂಥ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಬಹುದು. ಸ್ಕ್ಯಾನ್ ಪುಟಗಳಿಗೆ ಅಕ್ಷರ ಗುರುತಿಸುವ ಓಸಿಆರ್ ಇದೆ. ಎರಡರಲ್ಲೂ ಒತ್ತಕ್ಷರಗಳ ತಪ್ಪುಗಳನ್ನು ಮನುಷ್ಯರೇ ತಿದ್ದಬೇಕಾಗುತ್ತದೆ.

ಮಿತಿಗಳು

ಸಂಪರ್ಕ ಮತ್ತು ವಿದ್ಯುತ್: 2009ರ ರಾಷ್ಟ್ರೀಯ ಮಾಹಿತಿ-ಸಂವಹನ ತಂತ್ರಜ್ಞಾನ ಶಿಕ್ಷಣ ಅಭಿಯಾನ ವಿಶ್ವವಿದ್ಯಾನಿಲಯಗಳಿಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗದ ಸಂಪರ್ಕವನ್ನು, ಕಾಲೇಜುಗಳಿಗೆ ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ಗುರಿಯಾಗಿಸಿಕೊಂಡಿತ್ತು. ಈಗ ಹೆಚ್ಚಿನ ವಿದ್ಯಾರ್ಥಿಗಳ ಸಂಪರ್ಕ ಮೊಬೈಲ್ ಡೇಟಾದ ಮೂಲಕ. ಎರಡು ಅಂಕಣಗಳ ಸಂಶೋಧನ ಲೇಖನವನ್ನು ಮೊಬೈಲ್ ತೆರೆಯಲ್ಲಿ ಓದುವುದು ಪ್ರಯಾಸದ ಕೆಲಸ.

ಭಾಷೆ ಮತ್ತು ಹುಡುಕುವ ಕೌಶಲ: ಸೂಕ್ತ ವಿಷಯಪದಗಳನ್ನು ಆಯುವುದು, ‘ಮತ್ತು’, ‘ಅಥವಾ’ ಸಂಬಂಧದಿಂದ ಅವನ್ನು ಜೋಡಿಸುವುದು, ವರ್ಷ ಮತ್ತು ವಿಷಯದ ಪ್ರಕಾರ ಫಲಿತಾಂಶವನ್ನು ಸೋಸುವುದು ಕಲಿತರಷ್ಟೇ ಬರುವ ವಿದ್ಯೆ. ತರಬೇತಿ ಇಲ್ಲದೆಡೆ ಓದುಗರು ಸಾಮಾನ್ಯ ಶೋಧ ಎಂಜಿನ್‌ನ ಮೊದಲ ಪುಟಕ್ಕೇ ನಿಲ್ಲುತ್ತಾರೆ. ಕಾಲೇಜು ಚಂದಾ ಕಟ್ಟಿದ ಸಂಗ್ರಹ ಬಳಕೆಯಾಗದೆ ಉಳಿಯುತ್ತದೆ.

ಸಿಬ್ಬಂದಿ: ಗ್ರಂಥಪಾಲಕ ಹುದ್ದೆ ಖಾಲಿಯಿರುವ ಕಾಲೇಜಿನಲ್ಲಿ ಹೊಣೆ ಬೇರೊಬ್ಬ ಅಧ್ಯಾಪಕರ ಹೆಗಲಿಗೆ ಬೀಳುತ್ತದೆ. ಪಾಠದ ನಡುವೆ ಬಳಕೆದಾರರ ಪಟ್ಟಿ ನವೀಕರಣವಾಗಲಿ ತರಬೇತಿಯಾಗಲಿ ನಿಯಮಿತವಾಗಿ ನಡೆಯುವುದು ಕಷ್ಟ.

ಹಕ್ಕು ಮತ್ತು ಷರತ್ತು: ಚಂದಾ ಒಪ್ಪಂದಗಳು ಓದಲು, ಸ್ವಂತ ಅಧ್ಯಯನಕ್ಕಾಗಿ ಇಳಿಸಿಕೊಳ್ಳಲು ಅನುಮತಿ ಕೊಡುತ್ತವೆ. ಸಾಲುಸಾಲಾಗಿ ಇಡೀ ಸಂಚಿಕೆಗಳನ್ನು ಇಳಿಸಿಕೊಂಡರೆ, ಪಾಸ್‌ವರ್ಡ್ ಹಂಚಿಕೊಂಡರೆ ಪ್ರಕಾಶಕರು ಇಡೀ ಸಂಸ್ಥೆಯ ಪ್ರವೇಶವನ್ನೇ ತಡೆಹಿಡಿಯಬಹುದು. ಗ್ರಂಥಾಲಯವು ತಾನೇ ಸ್ಕ್ಯಾನ್ ಮಾಡುವಾಗ 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ಪಾಲಿಸಬೇಕು.

ಈಗಿನ ಸ್ಥಿತಿ

2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್‌ನಿಂದ ಕಾಲೇಜುಗಳು ಮುಚ್ಚಿದಾಗ ಐಪಿ ಆಧಾರಿತ ಪ್ರವೇಶದ ಮಿತಿ ಸ್ಪಷ್ಟವಾಯಿತು. ಚಂದಾ ಚಾಲ್ತಿಯಲ್ಲಿದ್ದರೂ ಆವರಣದ ಹೊರಗಿದ್ದ ಓದುಗರಿಗೆ ಬಾಗಿಲು ಮುಚ್ಚಿತ್ತು. ಆ ನಂತರ ದೂರ ಪ್ರವೇಶದ ವ್ಯವಸ್ಥೆಗಳಿಗೆ ಆದ್ಯತೆ ಬಂತು. ನಗರದ ಬಿ.ಎಚ್. ರಸ್ತೆಯ ಜೊತೆಗೆ ಹೊರವಲಯದ ಬಿದರಕಟ್ಟೆಯಲ್ಲೂ ಆವರಣ ಹೊಂದಿರುವ ತುಮಕೂರು ವಿಶ್ವವಿದ್ಯಾನಿಲಯದಂಥ ಸಂಸ್ಥೆಗಳಿಗೆ ಇದು ದಿನನಿತ್ಯದ ಅಗತ್ಯ. ರಾಜ್ಯ ಸರ್ಕಾರ 2021ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್‌ಗಳನ್ನು ವಿತರಿಸಿತು.

2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟವು ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ನೀಡಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ನಿಗದಿಯಾಗಿದೆ. 30 ಪ್ರಕಾಶಕರ ಸುಮಾರು 13,000 ಇ-ನಿಯತಕಾಲಿಕೆಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಅಧೀನದ 6,300ಕ್ಕೂ ಹೆಚ್ಚು ಉನ್ನತ ಶಿಕ್ಷಣ ಹಾಗೂ ಸಂಶೋಧನ ಸಂಸ್ಥೆಗಳಿಗೆ ದೊರೆಯುತ್ತವೆ. ಮೊದಲ ಹಂತ 2025ರ ಜನವರಿ 1ರಂದು ಆರಂಭವಾಯಿತು. ಅನುಷ್ಠಾನದ ಹೊಣೆ ಇನ್‌ಫ್ಲಿಬ್‌ನೆಟ್‌ನದು.

ಈ ಯೋಜನೆಯಿಂದ ಸಂಸ್ಥೆಗಳ ನಡುವಿನ ಹಳೆಯ ಶ್ರೇಣಿ ಬದಲಾಗಿದೆ. ಎನ್-ಲಿಸ್ಟ್‌ನ ಆಯ್ದ ಸಾಮಗ್ರಿಯನ್ನಷ್ಟೇ ಪಡೆಯುತ್ತಿದ್ದ ಸರ್ಕಾರಿ ಪದವಿ ಕಾಲೇಜುಗಳ ಗುಂಪನ್ನು ಅದು ದೊಡ್ಡ ವಿಶ್ವವಿದ್ಯಾನಿಲಯಗಳ ಸಾಲಿನಲ್ಲಿ ನಿಲ್ಲಿಸುತ್ತದೆ. ಖಾಸಗಿ ಆಡಳಿತದ ಕಾಲೇಜುಗಳು ಮೊದಲ ಹಂತದಲ್ಲಿ ಸೇರಿಲ್ಲ. ಅವು ವಿಟಿಯು ಒಕ್ಕೂಟ, ಎನ್-ಲಿಸ್ಟ್, ಸ್ವಂತ ಚಂದಾ ಮತ್ತು ಮುಕ್ತ ಪ್ರವೇಶದ ಸಂಗ್ರಹಗಳನ್ನು ಅವಲಂಬಿಸಿವೆ. ಈ ಮೂರು ಊರುಗಳಲ್ಲಿ ಬಹುಕಾಲ ಮುಂದಿದ್ದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಗ್ರಂಥಾಲಯಗಳಿಗೂ, ಹಿಂದಿದ್ದ ಸರ್ಕಾರಿ ಕಾಲೇಜುಗಳ ಗ್ರಂಥಾಲಯಗಳಿಗೂ ನಡುವಿನ ಅಂತರವನ್ನು ಇನ್ನು ಮುಂದೆ ಚಂದಾ ಹಣವೊಂದೇ ನಿರ್ಧರಿಸುವುದಿಲ್ಲ. ಸಾಮಗ್ರಿ ದೊರೆತ ಮೇಲೆ ಅದರ ಬಳಕೆಯನ್ನು ನಿರ್ಧರಿಸುವ ಅಂಶಗಳು ಮೂರು: ಪೂರ್ಣಕಾಲಿಕ ಗ್ರಂಥಪಾಲಕರು, ಓದುಗರಿಗೆ ಹುಡುಕುವ ತರಬೇತಿ ಮತ್ತು ಯೂನಿಕೋಡಿನಲ್ಲಿ ಹುಡುಕಬಹುದಾದ ಕನ್ನಡ ಸಾಮಗ್ರಿ.